ಹಡ್ಸನ್ ಆಚೆಯ ವಿಳಾಸ

ಕಂತು ಏಳು

ಬಾಗಿಲು ತೆರೆದವನ ಎಡಗೈಯಲ್ಲಿ ಚಾಕು ಇತ್ತು.

ಆರಿಫಾ ಒಂದು ಹೆಜ್ಜೆ ಹಿಂದಕ್ಕಿಟ್ಟಳು. ಬೆನ್ನಿಗೆ ಮೆಟ್ಟಿಲಿನ ಕಬ್ಬಿಣದ ಕಂಬಿ ತಾಗಿತು. ನಾಲ್ಕು ಮಹಡಿ ಹತ್ತಿ ಬಂದ ಏದುಸಿರು ಇನ್ನೂ ಇಳಿದಿರಲಿಲ್ಲ.

ಅರ್ಧ ನಿಮಿಷದ ಹಿಂದೆ ಅವಳು ಬಾಗಿಲು ತಟ್ಟಿದಾಗ ಒಳಗಿನಿಂದ ಒಂದು ದನಿ ಕೇಳಿಸಿತ್ತು. "ಬಂದ್ಯಾ ತಮ್ಮಾ? ಇವತ್ತ ಭಾಳ ಲಗೂ ಬಂದಿ!"

ನ್ಯೂಯಾರ್ಕಿನ ಕ್ವೀನ್ಸ್‌ನ ಜಾಕ್ಸನ್ ಹೈಟ್ಸ್‌ನಲ್ಲಿ, ಬಂಗಾಳಿ, ಪಂಜಾಬಿ, ಸ್ಪ್ಯಾನಿಷ್ ಬೋರ್ಡುಗಳ ನಡುವಿನ ಈ ಹಳೆಯ ಕಟ್ಟಡದಲ್ಲಿ ಗದಗ-ಧಾರವಾಡದ ಕನ್ನಡ! ಯಾರೋ ಬರುವುದಿತ್ತು. ಆ ಯಾರೋ ದಿನವೂ ಬರುವವನು.

ನ್ಯೂಜೆರ್ಸಿಯ ಸಮರ್‌ಸೆಟ್‌ನ ಗೃಹಿಣಿ ಸಿಂಧುವಿನ ಹೆಸರಿನಲ್ಲಿ, ಅವಳಿಗೇ ತಿಳಿಯದಂತೆ, ಯಾರೋ ಇಂಟರ್ನೆಟ್ಟಿನಲ್ಲಿ ಸಂಪಾದನೆ ಮಾಡುತ್ತಿದ್ದರು. ಅದು ಯಾರೆಂದು ಪತ್ತೆ ಹಚ್ಚಲು ಹೊರಟ ಆರಿಫಾಳನ್ನು ಹತ್ತು ದಿನಗಳ ಹುಡುಕಾಟ ಈ ಬಾಗಿಲಿಗೆ ತಂದು ನಿಲ್ಲಿಸಿತ್ತು.

"ಯಾರು ಬೇಕಾಗಿತ್ರಿ?" ಚಾಕು ಹಿಡಿದವನು ಕೇಳಿದ. ಅರವತ್ತು ದಾಟಿದ ಮುಖ. ಗಡ್ಡ ಅಲ್ಲಲ್ಲಿ ಬಿಟ್ಟುಬಿಟ್ಟು ಬೋಳಿಸಿದಂತಿತ್ತು. ಬಲಗೈ ಸ್ವೆಟರಿನ ತೋಳಿನೊಳಗೆ ಸುಮ್ಮನೆ ಜೋತಾಡುತ್ತಿತ್ತು.

"'ಒನ್ ಹ್ಯಾಂಡ್ ಕಿಚನ್' ವೆಬ್‌ಸೈಟ್ ನಡೆಸೋರು ನೀವೇನಾ?"

ಅವನ ಕಣ್ಣು ಅರಳಿತು. "ಹೌದ್ರಿ, ನಾನ. ನಾಗಲಿಂಗಪ್ಪ. ಓದೇರೇನ್ರಿ ನೀವು? ಬರ್ರಿ ಒಳಗ, ಬರ್ರಿ. ಉಳ್ಳಾಗಡ್ಡಿ ಹೆಚ್ಚಾಕ ಹತ್ತಿದ್ದೆ." ಆಗಷ್ಟೇ ಚಾಕುವಿನ ನೆನಪಾಗಿ, ನಾಚಿ, ಅದನ್ನು ಕೆಳಗಿಳಿಸಿದ.

ಅಪರಾಧಿಯೊಬ್ಬ ತನ್ನನ್ನು ಊಟಕ್ಕೆ ಬಂದವಳಂತೆ ಒಳಕ್ಕೆ ಕರೆದದ್ದು ಆರಿಫಾಳಿಗೆ ಇದೇ ಮೊದಲು. ಮಾರಿಸ್‌ಟೌನ್‌ನ ವಿಮಾ ಕಂಪನಿಯೊಂದರಲ್ಲಿ ಹನ್ನೆರಡು ವರ್ಷ ಸುಳ್ಳು ಕ್ಲೇಮುಗಳನ್ನು ಪತ್ತೆ ಮಾಡಿದವಳು ಅವಳು. ಕಳೆದ ಅಕ್ಟೋಬರಿನಲ್ಲಿ ಆ ಕಂಪನಿ ಅವಳನ್ನೂ ಕೆಲಸದಿಂದ ತೆಗೆದು, ಸಾಮಾನು ತುಂಬಿಕೊಳ್ಳಲು ಒಂದು ರಟ್ಟಿನ ಡಬ್ಬ ಕೊಟ್ಟು ಮನೆಗೆ ಕಳಿಸಿತ್ತು. ಆಮೇಲೆ ಪರಿಚಯದವರ ಸಣ್ಣಪುಟ್ಟ ಕೆಲಸಗಳೇ ಗತಿ. ಸಿಂಧುವಿನದು ಮೂರನೆಯದು.

ಒಂದೇ ಕೋಣೆ. ಕಿಟಕಿಯ ಆಚೆ, ಕೈಗೆ ಸಿಗುವಷ್ಟು ಹತ್ತಿರದಲ್ಲಿ, ಕಂಬಗಳ ಮೇಲಿನ ರೈಲುಹಳಿ. ಏಳನೇ ನಂಬರ್ ಟ್ರೈನು ಗಡಗಡ ಹಾದಾಗ ಒಲೆಯ ಮೇಲಿನ ಪಾತ್ರೆ ಅದುರಿತು.

ಆ ಹಳಿಯೇ ಅವನನ್ನು ಹಿಡಿದುಕೊಟ್ಟದ್ದು. ವೆಬ್‌ಸೈಟಿನಲ್ಲಿ ಹೆಸರಿರಲಿಲ್ಲ, ಮುಖವಿರಲಿಲ್ಲ, ಒಂದು ಎಡಗೈ ಮಾತ್ರ ಇತ್ತು. ಆದರೆ ಪ್ರೆಶರ್ ಕುಕ್ಕರಿನ ಒಂದು ಚಿತ್ರದಲ್ಲಿ, ಅದರ ಹೊಳೆಯುವ ಹೊಟ್ಟೆಯ ಮೇಲೆ, ಕಿಟಕಿ ಪ್ರತಿಫಲಿಸಿತ್ತು. ಕಿಟಕಿಯಲ್ಲಿ ಹಳಿ, ಹಳಿಯ ಕೆಳಗೆ ಒಂದು ಔಷಧದಂಗಡಿಯ ಹಸಿರು ಶಿಲುಬೆ. ಆರಿಫಾ ಎರಡು ದಿನ ಆ ರಸ್ತೆಯುದ್ದಕ್ಕೂ ಕತ್ತೆತ್ತಿಕೊಂಡು ನಡೆದಿದ್ದಳು.

"ಕೂಡ್ರಿ ಅಕ್ಕಾರ. ರೊಟ್ಟಿ ತಿಂತೀರಿಲ್ಲ?"

ಬೇಡ ಎನ್ನುವಷ್ಟರಲ್ಲಿ ಅವನು ಶುರು ಮಾಡಿಬಿಟ್ಟಿದ್ದ. ಮರದ ಮಣೆಗೆ ಎರಡು ಮೊಳೆಗಳನ್ನು ಕೆಳಗಿನಿಂದ ಮೇಲಕ್ಕೆ ಹೊಡೆಯಲಾಗಿತ್ತು. ಮೊಳೆಗೆ ಈರುಳ್ಳಿ ಚುಚ್ಚಿ, ಅದು ಉರುಳದಂತೆ ನಿಲ್ಲಿಸಿ, ಎಡಗೈಯಿಂದ ಸರಸರ ಹೆಚ್ಚಿದ. ಆಮೇಲೆ ತಿರುಗುವ ತಟ್ಟೆಯೊಂದರ ಮೇಲೆ ಜೋಳದ ಹಿಟ್ಟಿನ ಉಂಡೆ ಇಟ್ಟ. ಎಡ ಅಂಗೈ ತಟ್ಟುತ್ತಿತ್ತು, ಸತ್ತ ಬಲಗೈಯ ಮೊಣಕೈ ಭುಜದ ಬಲದಿಂದ ತಟ್ಟೆಯನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತಿತ್ತು. ಉಂಡೆ ಅಗಲವಾಗುತ್ತ ಹೋಯಿತು.

ಎರಡು ಕೈ ಇರುವ ಆರಿಫಾಳಿಗೆ ಈ ಜನ್ಮದಲ್ಲಿ ಅಷ್ಟು ದುಂಡನೆಯ ರೊಟ್ಟಿ ಬಂದದ್ದಿಲ್ಲ.

"ಮ್ಯಾನ್‌ಹಟನ್‌ದಾಗ ಹೋಟೆಲ್ ಕುಕ್ ಇದ್ದೆ, ಹತ್ತೊಂಬತ್ತ ವರ್ಷ," ಅವನು ಹೇಳಿದ. "ಐದ ವರ್ಷದ ಹಿಂದ ಸ್ಟ್ರೋಕ್ ಆತು. ಡಾಕ್ಟರ್ ಅಂದ್ರು, ಇನ್ನ ಅಡಗಿ ಮರೀರಿ ಅಂತ. ಮರೀಲಿಕ್ಕೆ ಬರ್ತೈತೇನ್ರಿ?"

ಮರೆಯಲಿಲ್ಲ ಅವನು. ಒಂದೇ ಕೈಯಲ್ಲಿ ತೆರೆಯಬಹುದಾದ ಡಬ್ಬ, ಜಾರದ ಬಟ್ಟಲು, ಮೊಣಕಾಲಿನಲ್ಲಿ ಹಿಡಿಯುವ ತುರಿಮಣೆ, ಎಲ್ಲವನ್ನೂ ತಾನೇ ಬಳಸಿ ನೋಡಿ ಬರೆಯತೊಡಗಿದ. ಮುರುಕು ಇಂಗ್ಲಿಷು, ಆದರೆ ಸುಳ್ಳಿಲ್ಲ. ಓದಿದವರು ಅಲ್ಲಿಂದಲೇ ಆನ್‌ಲೈನ್ ಅಂಗಡಿಗೆ ಹೋಗಿ ಸಾಮಾನು ಕೊಂಡರೆ ಅಂಗಡಿ ಇವನಿಗೆ ಕಮಿಷನ್ ಕೊಡುತ್ತಿತ್ತು. ಯುದ್ಧದಲ್ಲಿ ತೋಳು ಕಳೆದುಕೊಂಡ ಸೈನಿಕನೊಬ್ಬ ಒಹಾಯೋದಿಂದ ಬರೆದ ಕಾಗದ ಗೋಡೆಗೆ ಅಂಟಿತ್ತು. ಟೆಕ್ಸಾಸ್‌ನ ಹೆಂಗಸೊಬ್ಬಳು ಏಳು ತಿಂಗಳ ಮೇಲೆ ತಾನೇ ಟೊಮ್ಯಾಟೊ ಹೆಚ್ಚಿದ್ದಾಗಿ ಬರೆದಿದ್ದಳು.

ಆರಿಫಾ ರೊಟ್ಟಿ ಮುರಿಯಲಿಲ್ಲ. ಬ್ಯಾಗಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟಳು.

"ನಾಗಲಿಂಗಪ್ಪನವರೇ, ಇದನ್ನ ನೋಡಿ."

ಅವನು ಕನ್ನಡಕ ಹುಡುಕಿ ಹಾಕಿಕೊಂಡ. 'ಪ್ಯಾಂಟ್ರಿ ಲೇನ್' ಎಂಬ ಆನ್‌ಲೈನ್ ಅಂಗಡಿ ವರ್ಷದ ಕೊನೆಗೆ ಕಳಿಸುವ ತೆರಿಗೆ ಫಾರ್ಮು. ಕಮಿಷನ್ ಪಡೆದವರ ಹೆಸರು ಸಿಂಧು. ವಿಳಾಸ ಸಮರ್‌ಸೆಟ್, ನ್ಯೂಜೆರ್ಸಿ.

"ಇದು ನಿಮ್ಮ ವೆಬ್‌ಸೈಟಿನ ಸಂಪಾದನೆ. ಅಂಗಡಿಯವರೇ ಫೋನಿನಲ್ಲಿ ಹೇಳಿದರು. ಹೆಸರು ಮಾತ್ರ ಬೇರೆಯವರದು. ಆ ಹುಡುಗಿಯ ಕಡೆಯಿಂದ ಬಂದಿದ್ದೀನಿ ನಾನು."

ಅವನು ಹಾಳೆ ಕೆಳಗಿಟ್ಟ. ಒಲೆ ಆರಿಸಿದ. ಎದುರಿನ ಸ್ಟೂಲಿನ ಮೇಲೆ ಕುಳಿತ.

"ತಪ್ಪಾಗೇತ್ರಿ," ಅಂದ, ಮೊದಲ ಮಾತಿಗೇ. "ಆದ್ರ ಕೇಳ್ರಿ. ಹ್ವಾದ ವರ್ಷ ನ್ಯೂಯಾರ್ಕ್‌ದಾಗ ಹೊಸಾ ಕಾಯ್ದೆ ಬಂತು. ಈ ರಾಜ್ಯದೊಳಗ ಕುಂತು ಯಾರರೆ ಗಿರಾಕಿ ಕಳಿಸಿದ್ರ, ಅಂಗಡಿಯವರು ನ್ಯೂಯಾರ್ಕ್‌ಗೆ ತೆರಿಗಿ ಕೂಡಿಸಿ ಕಟ್ಟಬೇಕು. ಅಂಗಡಿಯವರು ಏನ್ ಮಾಡಿದ್ರು? ತೆರಿಗಿ ಉಸಾಬರಿ ಬ್ಯಾಡ, ನ್ಯೂಯಾರ್ಕಿನ ಮಂದೀನ ಬ್ಯಾಡ ಅಂದ್ರು. ಮೇ ತಿಂಗಳದಾಗ ಒಂದು ಈಮೇಲ್. ಎರಡು ಸಾಲು. ಮುಗೀತು."

"ಬೇರೆ ಅಂಗಡಿ?"

"ನನ್ನಂಥವರ ಸಾಮಾನು ಅಷ್ಟೂ ಅವರ ಕಡೇನ ಸಿಗೂದು. ಹಡ್ಸನ್ ನದಿ ಆಚಿ ನ್ಯೂಜೆರ್ಸಿಯೊಳಗ ಇದ್ದವರಿಗೆ ಏನೂ ತ್ರಾಸಿಲ್ಲ. ನದಿ ಈಚಿ ಇದ್ದವಗ ಬಾಗಲಾ ಬಂದ್. ಆರು ತಿಂಗಳು ಕಣ್ಣೀರು ಕುಡದೇನ್ರಿ. ಆಮ್ಯಾಲೆ ಸುಬ್ಬು ಸಿಕ್ಕ."

"ಸುಬ್ಬು?"

"ಲೈಬ್ರರಿಯೊಳಗ ಸಿಕ್ಕಾಂವ. ನಾ ಒಂದೇ ಕೈಲೆ ಟೈಪ್ ಮಾಡೂದ ನೋಡಿ ಬಾಜೂಕ ಕುಂತ. ನ್ಯೂಜೆರ್ಸಿ ವಿಳಾಸದ ಮ್ಯಾಲೆ ಹೊಸಾ ಖಾತೆ ತಗಸ್ತೀನಿ ಅಂಕಲ್, ಕೆಲಸಾ ಇಬ್ಬರೂ ಮಾಡೂಣು, ಬಂದದ್ದು ಅರ್ಧಾ ಅರ್ಧಾ ಅಂದ. ನಮ್ಮ ಮನಿಯವರ ಹೆಸರಿಲೆ, ಅವರಿಗೆ ಗೊತ್ತೈತಿ ಅಂದ. ನಂಬಿದೆ."

ಆರಿಫಾ ಫಾರ್ಮಿನಲ್ಲಿ ತೆರಿಗೆ ನಂಬರಿದ್ದ ಸಾಲಿನ ಮೇಲೆ ಬೆರಳಿಟ್ಟಳು. "ಈ ನಂಬರು ಅವನೇ ಕೊಟ್ಟನಾ?"

"ಹೌದ್ರಿ. ಅದನ್ನೆಲ್ಲಾ ಅಂವನ ತುಂಬಿದ."

ಆ ನಂಬರು ಒಂಬತ್ತರಿಂದ ಶುರುವಾಗಿತ್ತು. ಮೊದಲ ದಿನವೇ ಆರಿಫಾಳ ಕಣ್ಣಿಗೆ ಬಿದ್ದದ್ದು ಅದು. ಕೆಲಸ ಮಾಡುವ ಹಕ್ಕಿರುವ ಯಾರ ಸೋಷಿಯಲ್ ಸೆಕ್ಯುರಿಟಿ ನಂಬರೂ ಒಂಬತ್ತರಿಂದ ಶುರುವಾಗುವುದಿಲ್ಲ. ಗಂಡನ ವೀಸಾದ ಮೇಲೆ ಬಂದು, ಇಲ್ಲಿ ಒಂದು ಬಿಡಿಗಾಸೂ ದುಡಿಯುವ ಹಾಗಿಲ್ಲದ ಹೆಂಡತಿಗೆ, ಕೇವಲ ತೆರಿಗೆ ಕಾಗದದಲ್ಲಿ ಹೆಸರು ಬರಲೆಂದು ಕೊಡುವ ನಂಬರು ಅದು. ದಾರಿಯಲ್ಲಿ ಬಿದ್ದು ಸಿಗುವಂಥದ್ದಲ್ಲ. ಕದ್ದವನು ಆ ಮನೆಯ ಕಪಾಟನ್ನು ಬಲ್ಲವನೇ ಆಗಿರಬೇಕು.

"ನೀವಿಬ್ಬರೂ ಏನು ಮಾಡಿದ್ದೀರಿ ಗೊತ್ತಾ?" ದನಿ ಏರಿಸದೆ ಕೇಳಿದಳು. "ಆ ಹುಡುಗಿ ದುಡಿದಳು ಅಂತ ಸರ್ಕಾರಿ ಕಾಗದದಲ್ಲಿ ಬಂದಿದೆ. ಅವಳಿಗೆ ದುಡಿಯೋ ಪರ್ಮಿಷನ್ ಇಲ್ಲ. ನಾಳೆ ವೀಸಾ ಆಫೀಸರು ಇದನ್ನ ನೋಡಿದರೆ ಗಂಡ, ಹೆಂಡತಿ, ನಾಲ್ಕು ವರ್ಷದ ಮಗು, ಮೂವರ ದಾರೀನೂ ಮುಚ್ಚಿಹೋಗಬಹುದು."

ನಾಗಲಿಂಗಪ್ಪ ಕನ್ನಡಕ ತೆಗೆದ. ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಹೆದರಿದಾಗ ಅವನು ಹಾಗೆ ಮಾಡುತ್ತಿದ್ದನೇನೋ.

"ನಂಗೆ ಆ ಖಾತೆ ಬ್ಯಾಡ್ರಿ," ಅಂದ ಕೊನೆಗೆ. "ಈಗ ಮುಚ್ಚಿಬಿಡ್ತೀನಿ. ಕೂಸಿನ ಮನಿ ಮುರದು ನಾ ರೊಟ್ಟಿ ತಿನ್ನೂದಿಲ್ಲ."

ಅವಳಿಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ.

"ಸುಬ್ಬು ಎಷ್ಟು ಗಂಟೆಗೆ ಬರ್ತಾನೆ?"

"ಹನ್ನೊಂದಕ್ಕ. ಸೋಮವಾರದಿಂದ ಶುಕ್ರವಾರ. ನಾಕಕ್ಕ ಹೊಂಟಬಿಡ್ತಾನ. ಇಸ್ತ್ರಿ ಅಂಗಿ, ಟೈ ಹಾಕ್ಕೊಂಡು ಬರ್ತಾನ್ರಿ, ಆಫೀಸಿಗೆ ಬಂದಂಗ. ಹೆಂಡ್ತಿ ಬುತ್ತಿ ಕಟ್ಟಿ ಕಳಿಸ್ತಾಳ. ಇಬ್ರೂ ಹಂಚಿಕೊಂಡು ಉಣ್ತೀವಿ. ಚಲೋ ಮಾಡ್ತಾಳ ಆಕಿ, ಬಿಸಿಬ್ಯಾಳಿ ಅನ್ನ."

ಆರಿಫಾ ಬಾಗಿಲ ಕಡೆ ತಿರುಗಿ ಕುಳಿತಳು.

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಬಾಗಿಲನ್ನು ಒಮ್ಮೆ ತಟ್ಟಿದ ಸದ್ದು, ಹಿಂದೆಯೇ ಕೀಲಿ ತಿರುಗಿತು. ಒಳಗೆ ಬಂದವನು ಬೂಟಿನ ಹಿಮ ಕೊಡವುತ್ತ, "ಅಂಕಲ್, ಇವತ್ತು ಟ್ರೈನ್ ಲೇಟು..." ಎಂದು ತಲೆಯೆತ್ತಿದ.

ಆ ಮುಖವನ್ನು ಆರಿಫಾ ಹತ್ತು ದಿನದ ಹಿಂದೆ ನೋಡಿದ್ದಳು. ಸಮರ್‌ಸೆಟ್‌ನ ಮನೆಯ ಹಜಾರದಲ್ಲಿ, ಮದುವೆಯ ಫೋಟೋದಲ್ಲಿ, ಬಾಸಿಂಗದ ಕೆಳಗೆ. ಸಿಂಧುವಿನ ಗಂಡ ಪ್ರೀತಮ್. ಈ ಹೊತ್ತಿಗೆ ಬಾಸ್ಕಿಂಗ್ ರಿಡ್ಜ್‌ನ ಆಫೀಸಿನಲ್ಲಿ ಮೀಟಿಂಗಿನಲ್ಲಿರಬೇಕಾದವನು.

"ಕೂತ್ಕೋ ಪ್ರೀತಮ್," ಅಂದಳು.

ತನ್ನ ನಿಜವಾದ ಹೆಸರು ಕೇಳಿ ಅವನು ಬಾಗಿಲ ಕಡೆ ನೋಡಿದ. ಓಡುತ್ತಾನೇನೋ ಅನ್ನಿಸಿತು. ಆದರೆ ಮೇಜಿನ ಮೇಲಿದ್ದ ಹಾಳೆ ಅವನ ಕಣ್ಣಿಗೆ ಬಿತ್ತು. ಬುತ್ತಿಯ ಚೀಲ ಹಿಡಿದುಕೊಂಡೇ ಕುಸಿದು ಕುಳಿತ.

"ನೀವು ಯಾರು ಆಂಟಿ?"

"ಈ ಕಾಗದ ಯಾರ ಕೆಲಸ ಅಂತ ಪತ್ತೆ ಮಾಡೋಕೆ ನಿನ್ನ ಹೆಂಡತಿ ಗೊತ್ತು ಮಾಡಿದವಳು. ಕೆಲಸ ಯಾವಾಗ ಹೋಯ್ತು?"

ಅವನು ಬುತ್ತಿಯ ಚೀಲವನ್ನು ನೆಲಕ್ಕಿಟ್ಟ.

"ನವೆಂಬರ್ ಹನ್ನೊಂದು," ಅವನು ಹೇಳಿದ. "ಆವತ್ತು ಮಗಳ ಬರ್ತ್‌ಡೇ. ಕೇಕ್ ತಗೊಂಡು ಹೋಗಬೇಕಿತ್ತು. ಮನೇಲಿ ಇಪ್ಪತ್ತು ಜನ. ಹೇಗೆ ಹೇಳ್ಲಿ? ನಾಳೆ ಹೇಳೋಣ ಅಂದ್ಕೊಂಡೆ. ನಾಳೆ, ನಾಡಿದ್ದು... ಕೆಲಸ ಹೋದರೆ ವೀಸಾನೂ ಹೋದ ಹಾಗೆ ಆಂಟಿ. ಬೇರೆ ಕಂಪನಿ ಸಿಕ್ಕೇ ಸಿಗುತ್ತೆ, ಆಮೇಲೆ ಎರಡೂ ಸುದ್ದಿ ಒಟ್ಟಿಗೆ ಹೇಳೋಣ ಅಂದ್ಕೊಂಡೆ. ಯಾರೂ ತಗೊಳ್ತಿಲ್ಲ. ಎಲ್ಲಾ ಕಡೆ ಹೈರಿಂಗ್ ಫ್ರೀಜ್."

"ಅದಕ್ಕೆ ಅವಳ ಹೆಸರು?"

"ಈ ವೀಸಾದಲ್ಲಿ ಕಂಪನಿ ಕೆಲಸ ಬಿಟ್ಟು ಬೇರೆ ದುಡಿಯೋ ಹಾಗಿಲ್ಲ, ನನ್ನ ನಂಬರ್ ಕೊಟ್ಟರೆ ತಕ್ಷಣ ಸಿಕ್ಕಿಬೀಳ್ತೀನಿ ಅಂತ ಭಯ. ಅವಳ ನಂಬರನ್ನ ಯಾರು ನೋಡ್ತಾರೆ ಅಂದ್ಕೊಂಡೆ. ತಲೆ ಓಡ್ಲಿಲ್ಲ." ಅವನು ಮುಖ ಮುಚ್ಚಿಕೊಂಡ. "ಅವಳಿಗೆ ಹೇಳಬೇಡಿ. ಪ್ಲೀಸ್. ಒಂದು ವಾರ ಟೈಮ್ ಕೊಡಿ."

ಬಯ್ಯಲು ಆರಿಫಾಳ ನಾಲಗೆ ಏಳಲಿಲ್ಲ. ರಟ್ಟಿನ ಡಬ್ಬ ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಅವಳೂ ಎರಡು ದಿನ ಮಾಲ್‌ಗಳಲ್ಲಿ ಅಲೆದಿದ್ದಳು. ಮೂರನೆಯ ದಿನ ಗಂಡ ಫಾರೂಕ್ ಡಿಕ್ಕಿ ತೆರೆದು, ಏನೂ ಕೇಳದೆ, ಡಬ್ಬವನ್ನು ಒಳಗೆ ತಂದಿಟ್ಟು ಚಹಾಕ್ಕೆ ನೀರಿಟ್ಟಿದ್ದ. ಮೂರು ದಿನ ಮೂರು ತಿಂಗಳಾಗದಂತೆ ಅವಳನ್ನು ಕಾಪಾಡಿದ್ದು ಆ ಚಹಾ ಮಾತ್ರ.

"ಅಂವಾ ದಿನಾ ಅಳ್ತಾನ್ರಿ," ನಾಗಲಿಂಗಪ್ಪ ಮೆಲ್ಲಗೆ ಹೇಳಿದ. "ಬಚ್ಚಲದಾಗ ನೀರ ಬಿಟ್ಟು. ನನಗ ಕೇಳೂದಿಲ್ಲ ಅಂತ ತಿಳದಾನ."

ಪ್ರೀತಮ್ ಕಣ್ಣೊರೆಸಿಕೊಂಡು ಫಾರ್ಮನ್ನು ಎತ್ತಿಕೊಂಡ. ಓದಿದ. ಮತ್ತೆ ಓದಿದ. ಅವನ ಹುಬ್ಬು ಗಂಟಿಕ್ಕಿತು.

"ಇದು ಮನೆಗೆ ಬಂತಾ?"

"ಮತ್ತೆಲ್ಲಿಗೆ?"

"ಬರೋಕೆ ಸಾಧ್ಯಾನೇ ಇಲ್ಲ ಆಂಟಿ. ನಾನು ಮನೆ ಅಡ್ರೆಸ್ ಕೊಟ್ಟೇ ಇಲ್ಲ. ಜೆರ್ಸಿ ಸಿಟಿಲಿ ಒಂದು ಮೇಲ್‌ಬಾಕ್ಸ್ ಬಾಡಿಗೆಗೆ ತಗೊಂಡು ಆ ಅಡ್ರೆಸ್ ಹಾಕಿದ್ದೆ. ಕಾಗದ ಮನೆಗೆ ಬರಬಾರದು ಅಂತಾನೇ."

ಆರಿಫಾ ನೇರವಾಗಿ ಕುಳಿತಳು. ಹತ್ತು ದಿನಗಳಿಂದ ಹೆಣೆದ ಕತೆಯ ಒಂದು ಎಳೆ ಕೈಯಲ್ಲೇ ಕಳಚಿತು.

"ನಾ ಏನೂ ಮಾಡಿಲ್ರಿ," ನಾಗಲಿಂಗಪ್ಪ ಥಟ್ಟನೆ ಅಂದ. ಅವನನ್ನು ಯಾರೂ ಕೇಳಿರಲಿಲ್ಲ.

"ಖಾತೆ ತೆಗಿ," ಆರಿಫಾ ಪ್ರೀತಮ್‌ಗೆ ಹೇಳಿದಳು. "ಇಲ್ಲೇ. ಈಗಲೇ."

ಕಿಟಕಿಯ ಪಕ್ಕದ ಹಳೆಯ ಕಂಪ್ಯೂಟರು ಗೊರಗೊರ ಎಂದು ಎದ್ದಿತು. ಪ್ರೀತಮ್ ಪಾಸ್‌ವರ್ಡ್ ಹಾಕಿದ. ವಿಳಾಸದ ಜಾಗದಲ್ಲಿ ಜೆರ್ಸಿ ಸಿಟಿ ಇರಲಿಲ್ಲ, ಸಮರ್‌ಸೆಟ್ ಇತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಬದಲಿಸಿದ ದಿನ: ಜನವರಿ ೧೨, ೨೦೦೯.

"ಮೆಸೇಜುಗಳು ಇರ್ತವಲ್ಲ, ಅಲ್ಲಿ ನೋಡು."

"ಅದನ್ನ ನಾವು ತೆಗೆಯೋದೇ ಇಲ್ಲ, ಬರೀ ಜಾಹೀರಾತು ಬರುತ್ತೆ..." ಅನ್ನುತ್ತಲೇ ಒತ್ತಿದ.

ಜಾಹೀರಾತುಗಳ ನಡುವೆ ಒಂದು ಸಂದೇಶ ಬೇರೆಯಾಗಿತ್ತು. ಆರಿಫಾ ಅವನ ಭುಜದ ಮೇಲಿಂದ ಬಾಗಿ ಓದಿದಳು. ಅದರ ಸಾರಾಂಶ ಇಷ್ಟೇ. ಸಿಂಧು ಅವರೇ, ಇಂದು ನೀವು ಫೋನಿನಲ್ಲಿ ಕೋರಿದಂತೆ ನಿಮ್ಮ ವಿಳಾಸವನ್ನು ಬದಲಿಸಿದ್ದೇವೆ. ಯಾವ್ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಊರಿನಿಂದ ನಿಮ್ಮ ಖಾತೆಯನ್ನು ತೆರೆಯಲಾಗಿದೆ ಎಂಬ ಪಟ್ಟಿಯನ್ನೂ ಹೊಸ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದ್ದೇವೆ.

ಪ್ರೀತಮ್ ಆ ದಿನಾಂಕದ ಮೇಲೆ ಬೆರಳಿಟ್ಟ.

"ಅವಳಿಗೆ ಗೊತ್ತಿತ್ತು," ಪ್ರೀತಮ್ ಪಿಸುಗುಟ್ಟಿದ. "ಒಂದು ತಿಂಗಳಿಂದ ಗೊತ್ತಿತ್ತು. ದಿನಾ ಬೆಳಿಗ್ಗೆ ಬಾಗಿಲಿಗೆ ಬಂದು ಬುತ್ತಿ ಕೊಟ್ಟು, ಮೀಟಿಂಗ್ ಇದ್ಯಾ ಅಂತ ಕೇಳ್ತಿದ್ಲು. ಇದೆ ಅಂತಿದ್ದೆ."

ಆರಿಫಾಳಿಗೆ ಸಿಂಧುವನ್ನು ಮೊದಲು ಕಂಡ ದಿನ ನೆನಪಾಯಿತು. ಸೋಫಾದ ಅಂಚಿನಲ್ಲಿ ಕುಳಿತು, "ಇದು ಯಾರದೋ ಏನೋ ನನಗೊಂದೂ ಗೊತ್ತಿಲ್ಲ ಆಂಟಿ" ಎಂದು ಕೈ ಹಿಸುಕಿಕೊಂಡಿದ್ದ ಹುಡುಗಿ. ಎಲ್ಲ ಗೊತ್ತಿದ್ದವಳು ಪತ್ತೆ ಮಾಡುವವಳನ್ನು ಏಕೆ ಗೊತ್ತು ಮಾಡಿದಳು? ಗಂಡನಿಗೆ ತಾನು ಹೇಳಲಾಗದ್ದನ್ನು ಬೇರೆಯವರ ಬಾಯಿಂದ ಹೇಳಿಸಲೆಂದೇ? ಇಲ್ಲ, ಇನ್ನೇನಕ್ಕೋ?

"ಮನೆಗೆ ಫೋನ್ ಮಾಡು," ಅಂದಳು.

ಮನೆಯ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಸಿಂಧುವಿನ ಸೆಲ್ ಆಫ್ ಆಗಿತ್ತು. ಮತ್ತೆ ಮಾಡಿದ. ಮತ್ತೆ.

"ಮಗು ಎಲ್ಲಿ ಈಗ?"

"ಡೇಕೇರ್‌ನಲ್ಲಿ. ಒಂದು ಗಂಟೆವರೆಗೂ." ಹೇಳುತ್ತಲೇ ಅಲ್ಲಿನ ನಂಬರು ಒತ್ತಿ, ಸ್ಪೀಕರ್ ಹಾಕಿದ.

ಆಚೆಯ ಟೀಚರ್ ದನಿಯಲ್ಲಿ ಅಕ್ಕರೆ ಇತ್ತು. ನಿಮ್ಮ ಹೆಂಡತಿ ಒಂಬತ್ತಕ್ಕೇ ಬಂದು ಮಗುವನ್ನು ಕರೆದುಕೊಂಡು ಹೋದರಲ್ಲ, ಅಂದಳು. ಮಗು ಎಲ್ಲರಿಗೂ ಒಂದೊಂದು ಮುತ್ತು ಕೊಟ್ಟು ಬೈ ಹೇಳಿತು, ಇಂಡಿಯಾಕ್ಕೆ ವಿಮಾನದಲ್ಲಿ ಹೋಗುತ್ತೇನೆ ಅಂತ ಒಂದೇ ಕುಣಿತ. ನಮಗೆಲ್ಲ ಎಷ್ಟು ಬೇಜಾರಾಯಿತು ಗೊತ್ತೇ?

ಆರಿಫಾ ಪ್ರೀತಮ್‌ನ ತೋಳು ಹಿಡಿದುಕೊಂಡಳು. ಇಂಡಿಯಾದ ವಿಮಾನ ಹೊರಡುವುದು ಸಾಮಾನ್ಯವಾಗಿ ಸಂಜೆ, ಈಗಲೇ ಹೊರಟರೆ ನ್ಯೂವಾರ್ಕ್ ವಿಮಾನ ನಿಲ್ದಾಣ ಮುಟ್ಟಬಹುದು ಎಂದು ಲೆಕ್ಕ ಹಾಕುತ್ತಿದ್ದಳು.

"ಅಂದಹಾಗೆ," ಟೀಚರ್ ಮುಂದುವರಿಸಿದಳು, "ನೀವು ಇವತ್ತು ಫೋನ್ ಮಾಡುತ್ತೀರೆಂದು ನಿಮ್ಮ ಹೆಂಡತಿಯೇ ಹೇಳಿದ್ದರು. ಒಂದು ಕವರ್ ಕೊಟ್ಟುಹೋಗಿದ್ದಾರೆ. ನೀವು ಬಂದು ತೆಗೆದುಕೊಂಡು ಹೋಗಿ ತಲುಪಿಸಬೇಕಂತೆ."

"ತಲುಪಿಸಬೇಕಾ? ಯಾರಿಗೆ?"

"ಹೆಸರು ಉದ್ದವಿದೆ, ನನಗೆ ಓದಲು ಬರುವುದಿಲ್ಲ. ಅಕ್ಷರ ಹೇಳುತ್ತೇನೆ, ಬರೆದುಕೊಳ್ಳಿ. ಎನ್... ಎ... ಜಿ... ಎ... ಎಲ್..."

ಪ್ರೀತಮ್ ಬರೆಯುವುದನ್ನು ನಿಲ್ಲಿಸಿದ. ಇಬ್ಬರೂ ಒಟ್ಟಿಗೆ ತಿರುಗಿ ನೋಡಿದರು.

ನಾಗಲಿಂಗಪ್ಪ ಆಗಲೇ ಎದ್ದು ನಿಂತಿದ್ದ. ಒಂದೇ ಕೈಯಲ್ಲಿ, ಅವಸರವಿಲ್ಲದೆ, ಕೋಟು ತೊಡುತ್ತಿದ್ದ.

"ಆಕಿಗೆ ನಾ ಮಾತ ಕೊಟ್ಟಿದ್ದೆ," ಅವನು ಹೇಳಿದ, "ಇವತ್ತಿನ ತನಕಾ ಬಾಯಿ ಬಿಡೂದಿಲ್ಲ ಅಂತ."